ದಡ ಎಷ್ಟು ಸರಿಯಿತು? ಅಳೆಯುವವರಿಗೆ ಏಳು ಸೂತ್ರಗಳು

ಅಸ್ಸಾಮಿನಲ್ಲಿ, ಬ್ರಹ್ಮಪುತ್ರದ ನಡುವಿರುವ ಮಾಜುಲಿ ದ್ವೀಪ ಸುಮಾರು ನೂರು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಕಳೆದುಕೊಂಡಿದೆ. ಈಗ ಉಳಿದದ್ದೆಷ್ಟು ಎಂದು ಕೇಳಿದರೆ ಮಾತ್ರ ವರದಿಗೊಂದು ಅಂಕಿ. ನಿಮ್ಮ ಲೆಕ್ಕಕ್ಕೆ ಆ ಗತಿ ಬಾರದಿರಲು ಹೀಗೆ ಮಾಡಿ.

1. ದಡ ಯಾವುದೆಂದು ಮೊದಲೇ ತೀರ್ಮಾನಿಸಿ. ನೀರಿನ ಅಂಚು ಮಳೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹೊಲ, ತೋಪು, ಗಟ್ಟಿ ನೆಲ ಎಲ್ಲಿ ಮುಗಿಯುತ್ತವೋ ಆ ಅಂಚನ್ನು ಹಿಡಿಯಿರಿ. ಮರಳುದಿನ್ನೆ ದ್ವೀಪದ ಲೆಕ್ಕಕ್ಕೋ ನದಿಯ ಲೆಕ್ಕಕ್ಕೋ? ಬರೆದಿಡಿ. ವಿಸ್ತೀರ್ಣದ ಅಂಕಿಗಳು ತಾಳೆಯಾಗದಿರುವುದು ಹೆಚ್ಚಾಗಿ ಇಲ್ಲಿಯೇ.

2. ಆಕರ ಜೋಡಿಸಿಕೊಳ್ಳಿ. ಉಪಗ್ರಹಗಳಿಗಿಂತ ಹಿಂದಿನ ಕಾಲಕ್ಕೆ ಸರ್ವೆ ಆಫ್ ಇಂಡಿಯಾದ ನಕ್ಷೆಗಳಿವೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ, 10 ಮೀಟರ್ ವಿವರದ ಸೆಂಟಿನೆಲ್-2 ಚಿತ್ರಗಳು 2015ರಿಂದ ಸಿಗುತ್ತವೆ, ಎರಡೂ ಉಚಿತ. ನಕ್ಷೆಯಲ್ಲಿ ಮುದ್ರಣದ ವರ್ಷ ನೋಡಬೇಡಿ, ಸರ್ವೆಯಾದ ವರ್ಷ ಹುಡುಕಿ.

3. ಋತು ಬದಲಿಸಬೇಡಿ. ಬ್ರಹ್ಮಪುತ್ರಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಅನುಕೂಲ: ನೀರು ಇಳಿದಿರುತ್ತದೆ, ಮೋಡ ಕಡಿಮೆ. ಜುಲೈ ಚಿತ್ರದ ಪಕ್ಕ ಜನವರಿ ಚಿತ್ರ ಇಟ್ಟರೆ ನೆರೆಯನ್ನೇ ಕೊರೆತವೆಂದು ಎಣಿಸುತ್ತೀರಿ.

4. ನಕ್ಷೆಯನ್ನು ಚಿತ್ರದ ಮೇಲೆ ಸರಿಯಾಗಿ ಕೂರಿಸಿ. ಹಳೆಯ ನಕ್ಷೆಗಳ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಮಾನಕದವು, ಉಪಗ್ರಹದವು ಡಬ್ಲ್ಯುಜಿಎಸ್-84. ಪರಿವರ್ತಿಸದೆ ಹೋಲಿಸಿದರೆ ದಡ ನೂರಾರು ಮೀಟರ್ ಸರಿದಂತೆ ಕಾಣಬಹುದು. ಹಳೆಯ ದೇಗುಲ, ರಸ್ತೆ ಕೂಡುವ ಜಾಗ, ರೈಲ್ವೆ ಗೇಟು ಇಂಥ ಕದಲದ ಗುರುತುಗಳನ್ನು ನಕ್ಷೆಯ ನಾಲ್ಕೂ ಮೂಲೆಗಳಿಂದ ಆರಿಸಿ. ಕೆಲವನ್ನು ಪರೀಕ್ಷೆಗೆಂದೇ ಉಳಿಸಿಕೊಳ್ಳಿ. ಇದಕ್ಕೆ ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಸಾಕು.

5. ಅಡ್ಡಗೆರೆಗಳ ಮೇಲೆ ಅಳೆಯಿರಿ. ದಡದಿಂದ ದೂರದಲ್ಲಿ ಒಂದು ಸ್ಥಿರ ಗೆರೆ ಎಳೆದು, ಅದರಿಂದ 200 ಮೀಟರಿಗೊಂದರಂತೆ ನದಿಯತ್ತ ಅಡ್ಡಗೆರೆ ಹಾಯಿಸಿ. ಪ್ರತಿ ಗೆರೆಯ ಮೇಲೆ ದಡ ಸರಿದ ದೂರವನ್ನು ವರ್ಷಗಳಿಂದ ಭಾಗಿಸಿ. ಕೊಚ್ಚಿಹೋದ ನೆಲ, ಹೊಸದಾಗಿ ಕೂಡಿದ ಮೆಕ್ಕಲು ಎರಡನ್ನೂ ಬೇರೆ ಬೇರೆ ತೋರಿಸಿ. ಒಂದರಲ್ಲಿ ಇನ್ನೊಂದನ್ನು ಕಳೆದುಬಿಟ್ಟರೆ ಮನೆ ಕಳೆದುಕೊಂಡ ಊರು ಲೆಕ್ಕದಿಂದಲೇ ಮಾಯ.

6. ತಪ್ಪಿನ ಪ್ರಮಾಣ ಹೇಳಿ. 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್. ಚಿತ್ರದ ತಪ್ಪು 30 ಮೀಟರ್ ಎಂದಿಟ್ಟುಕೊಳ್ಳಿ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 39 ಮೀಟರ್. 30 ವರ್ಷಗಳಲ್ಲಿ ದಡ 300 ಮೀಟರ್ ಸರಿದಿದ್ದರೆ ವರ್ಷಕ್ಕೆ 10 ಮೀಟರ್, ತಪ್ಪು 1.3 ಮೀಟರ್: ನಂಬಬಹುದು. ಸರಿದದ್ದು ಬರೀ 20 ಮೀಟರ್ ಆದರೆ ‘ಕೊರೆತ’ ಎನ್ನಬೇಡಿ.

7. ಕಾಲವನ್ನು ತುಂಡು ಮಾಡಿ. 1950ರ ಆಗಸ್ಟ್ 15ರಂದು ಅಸ್ಸಾಂನಲ್ಲಿ 8.6 ತೀವ್ರತೆಯ ಭೂಕಂಪವಾಯಿತು. ಬೆಟ್ಟಗಳು ಕುಸಿದವು, ಆ ಮಣ್ಣು ಹರಿದುಬಂದು ಬ್ರಹ್ಮಪುತ್ರದ ಪಾತ್ರ ಏರಿತು. ಅದಕ್ಕೆ ಮುಂಚಿನದನ್ನೂ ನಂತರದ್ದನ್ನೂ ಒಂದೇ ಸರಾಸರಿಗೆ ಸುರಿದರೆ ಎರಡೂ ಕಾಲಕ್ಕೆ ಸಲ್ಲದ ಅಂಕಿ ಸಿಗುತ್ತದೆ. ದಶಕಕ್ಕೊಂದು ವೇಗ ಕೊಡಿ. ಒಡ್ಡು ಎಲ್ಲಿ ಬೇಕು, ಯಾವ ಊರನ್ನು ಮೊದಲು ಸ್ಥಳಾಂತರಿಸಬೇಕು ಎಂದು ನಿರ್ಧರಿಸುವವರಿಗೆ ಬೇಕಿರುವುದು ಇತ್ತೀಚಿನ ವೇಗ.