ಮಳೆಸೀಮೆಯಲ್ಲಿ ಎರೆಹುಳಗಳನ್ನು ಸಾಕುವ ಕ್ರಮ

ಮಡಿಕೇರಿಯಲ್ಲಿ ವರುಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವದು. ಅದು ಇಳಿಜಾರಿನ ಮೇಲ್ಮಣ್ಣನ್ನೂ ಅದರ ಸಾರವನ್ನೂ ಹೊಳೆಗೆ ಒಯ್ಯುವದು. ಹೋದದ್ದನ್ನು ನಾವು ಹಿತ್ತಲಿಗೆ ತಿರಿಗಿ ಕೊಡುವದು ಹೇಗೆ? ಈ ಕೆಲಸಕ್ಕೆ ಎರೆಹುಳವು ಒಳ್ಳೇ ಸಹಾಯಕ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನರು 1881ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಅಲ್ಪ ಪ್ರಾಣಿಯು ಮೇಲ್ಮಣ್ಣನ್ನು ಉಂಟುಮಾಡುವ ಬಗೆಯನ್ನು ತೋರಿಸಿದರು.

ಹೊಲದ ಆಳದಲ್ಲಿ ಬಿಲ ತೋಡುವ ಹುಳವು ಗೊಬ್ಬರದ ತೊಟ್ಟಿಯಲ್ಲಿ ನಿಲ್ಲದು; ಕಸವನ್ನು ತಿಂದು ಮೇಲ್ಗಡೆಯಲ್ಲೇ ಬಾಳುವ ಜಾತಿಯನ್ನು ತರಬೇಕು. ತುಸು ಎತ್ತರದ ನೆಲದಲ್ಲಿ, ನೀರು ಇಳಿದುಹೋಗುವಂತೆ ತೊಟ್ಟಿ ಕಟ್ಟಿ, ಚಪ್ಪರ ಹಾಕತಕ್ಕದ್ದು. ಯಾಕಂದರೆ ಹುಳವು ಚರ್ಮದಿಂದ ಉಸಿರಾಡುವದು. ತೇವವಿಲ್ಲದಿದ್ದರೆ ಸಾಯುವದು, ನೀರು ನಿಂತರೆ ಗಾಳಿ ಸಿಕ್ಕದೆ ಓಡಿಹೋಗುವದು. ಒಂದು ಹಿಡಿ ಕಸವನ್ನು ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಲಿ. ಹಸೀ ಸಗಣಿಯೂ ಕಾಫಿಹಣ್ಣಿನ ಸಿಪ್ಪೆಯೂ ಕೊಳೆಯುವಾಗ ಕಾವೇರುವವು. ಆದಕಾರಣ ಅವು ಅರೆಕೊಳೆತು ತಣಿದ ಮೇಲೆಯೇ ಹಾಕಿರಿ. ಇರುವೆ, ಕೋಳಿಗಳಿಂದ ಹುಳಗಳನ್ನು ಕಾಯಿರಿ.

ಎರಡು ಮೂರು ತಿಂಗಳಲ್ಲಿ ಗೊಬ್ಬರವು ಚಹಾಪುಡಿಯಂತೆ ಕಪ್ಪಾಗುವದು. ಆಗ ನೀರು ಚಿಮುಕಿಸುವದನ್ನು ನಿಲ್ಲಿಸಿರಿ. ಹುಳಗಳು ಕೆಳಗಿಳಿದ ಮೇಲೆ ಮೇಲಿನದನ್ನು ತೆಗೆಯಿರಿ. ಜಡಿಮಳೆಯಲ್ಲಿ ಚೆಲ್ಲಿದರೆ ಅದೂ ಹೊಳೆ ಸೇರುವದು. ಆದುದರಿಂದ ಮಳೆ ತಗ್ಗಿದ ಮೇಲೆ ಗಿಡಗಳ ಬುಡಕ್ಕೆ ಹಾಕಿ ಸೊಪ್ಪು ಮುಚ್ಚಿರಿ.

2018ರ ಆಗಸ್ಟಿನಲ್ಲಿ ಕುಸಿದಂಥ ಗುಡ್ಡವನ್ನು ಹುಳವು ತಡೆಯಲಾರದು. ಆದರೂ ನಮ್ಮ ಕೈಗೆ ಒಪ್ಪಿಸಲ್ಪಟ್ಟ ಹಿತ್ತಲು ಬಡವಾಗದಂತೆ ಕಾಯುವದು ನಮ್ಮಿಂದಾಗುವ ಕೆಲಸವೇ.