ಮರಿಯ ತೂಕ, ತಾಯಿಯ ಮೇವು

ಉತ್ತರ ಕೆರೊಲಿನಾದ ಡುಪ್ಲಿನ್, ಸ್ಯಾಂಪ್ಸನ್ ಕೌಂಟಿಗಳಲ್ಲಿ ಊರು ದಾಟಿದ ಕೂಡಲೇ ಹಂದಿಗಳ ಉದ್ದನೆಯ ಶೆಡ್ಡುಗಳು ಶುರುವಾಗುತ್ತವೆ. ಅಮೆರಿಕದ ಹಂದಿ ಸಾಕಣೆಯಲ್ಲಿ ಅಯೋವಾ, ಮಿನ್ನೆಸೋಟಗಳ ನಂತರದ ಸ್ಥಾನ ಈ ರಾಜ್ಯದ್ದು. ಇಲ್ಲಿ ಸುಮಾರು 80 ಲಕ್ಷ ಹಂದಿಗಳಿವೆ. ಬೆಂಗಳೂರಿನಲ್ಲಿ ಪಶುವೈದ್ಯನಾಗಿದ್ದು ಇಲ್ಲಿಗೆ ಬಂದ ನಾನು ಮರಿಗಳನ್ನು ನೋಡಲು ಹೋಗಿ, ಅವುಗಳ ತಾಯಂದಿರನ್ನು ಗಮನಿಸುವುದನ್ನು ಕಲಿತೆ.

ಹಂದಿಯ ಗಬ್ಬ ಸುಮಾರು 114 ದಿನ. 35ನೇ ದಿನದ ಆಸುಪಾಸಿನಲ್ಲಿ ಮರಿಯ ಸ್ನಾಯುವಿನ ಮೊದಲ ಎಳೆಗಳು ಮೂಡುತ್ತವೆ. ಅವುಗಳ ಸುತ್ತ ಇನ್ನಷ್ಟು ಎಳೆಗಳು ಕಟ್ಟಿಕೊಳ್ಳುವ ಕೆಲಸ 90ನೇ ದಿನದ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ. ಆಮೇಲೆ ಎಳೆಗಳು ದಪ್ಪವಾಗುತ್ತವೆ, ಉದ್ದವಾಗುತ್ತವೆ. ಸಂಖ್ಯೆ ಹೆಚ್ಚೇನೂ ಏರುವುದಿಲ್ಲ. ಹೊಟ್ಟೆಯಲ್ಲೇ ಸೊರಗಿ ಪೀಚಾಗಿ ಹುಟ್ಟಿದ ಮರಿಗೆ ಎಳೆಗಳೇ ಕಡಿಮೆ. ಎಷ್ಟು ತಿನ್ನಿಸಿದರೂ ಇರುವ ಎಳೆಗಳೇ ದಪ್ಪಗಾಗುತ್ತವೆ, ಮಿಕ್ಕಿದ್ದು ಕೊಬ್ಬಾಗುತ್ತದೆ. ಅಂಥ ಹಂದಿಯ ಮಾಂಸ ಒರಟಾಗುವ ಸಂಭವ ಹೆಚ್ಚು.

ಹಾಗೆಂದು, ಮರಿ ಸೊರಗದಿರಲಿ ಎಂದು ತಾಯಿಗೆ ಮೇವು ಸುರಿದು ಹಾಕಿದರೆ ಆಯಿತೇ? ಇಲ್ಲ. ಜರ್ಮನಿಯ ಡುಮರ್‌ಸ್ಟಾರ್ಫ್‌ನಲ್ಲಿ ಶಾರ್ಲೊಟ್ ರೆಹ್‌ಫೆಲ್ಟ್ ಮತ್ತು ಸಂಗಡಿಗರು ಗಬ್ಬದ ಹಂದಿಗಳಿಗೆ ಶೇ 6.5, 12.1 ಮತ್ತು 30 ಪ್ರೋಟೀನ್ ಇರುವ ಮೇವು ಕೊಟ್ಟು ನೋಡಿದರು. ತೀರಾ ಕಡಿಮೆ ಪ್ರೋಟೀನ್ ತಿಂದ ತಾಯಿಯ ಮರಿಗಳೂ ಹಗುರ, ಅತಿಯಾಗಿ ಪ್ರೋಟೀನ್ ತಿಂದ ತಾಯಿಯ ಮರಿಗಳೂ ಹಗುರ!

ಇಲ್ಲಿನ ಫಾರಂ ಒಂದರ ಮೇಲ್ವಿಚಾರಕಿ ಹೊಟ್ಟೆ ನೋಡಿ ಮೇವು ಹಾಕುವವರಲ್ಲ. ರಾಲೀಯ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ನಾವರ್ ರೂಪಿಸಿದ ಕ್ಯಾಲಿಪರ್ ಸದಾ ಅವರ ಕೈಯಲ್ಲಿರುತ್ತದೆ. ಕೊನೆಯ ಪಕ್ಕೆಲುಬಿನ ನೇರಕ್ಕೆ ಬೆನ್ನಮೇಲೆ ಅದನ್ನಿಟ್ಟರೆ ಬೆನ್ನು ಎಷ್ಟು ಚೂಪು, ಎಷ್ಟು ದುಂಡಗೆ ಎಂದು ಮುಳ್ಳು ತೋರಿಸುತ್ತದೆ: ತೆಳು, ಸರಿ, ದಪ್ಪ. ಬೆನ್ನಿಗೊಂದು ಬಣ್ಣದ ಗೀಟು ಎಳೆದು, ತಲೆಯ ಮೇಲಿನ ಮೇವಿನ ಡಬ್ಬಿಯ ಅಳತೆ ತಿರುಗಿಸಿ, ಅವರು ಮುಂದಿನ ಹಂದಿಗೆ ಹೋಗುತ್ತಾರೆ. ದಪ್ಪಗಾದ ಹಂದಿಯ ಮೇವು ಇಳಿಸಲು ಅವರು ಹಿಂಜರಿಯುವುದಿಲ್ಲ. ಗಬ್ಬದಲ್ಲಿ ಕೊಬ್ಬಿದ ತಾಯಿ ಮರಿ ಹಾಕಿದ ಮೇಲೆ ಸರಿಯಾಗಿ ತಿನ್ನುವುದಿಲ್ಲ, ಹಾಲಿಗೂ ಪೆಟ್ಟು.

ಗಬ್ಬದ ಕೊನೆಯ ಒಂದೂವರೆ ತಿಂಗಳ ಲೆಕ್ಕ ಬೇರೆ. ಈಗ ಅದೇ ವಿಶ್ವವಿದ್ಯಾಲಯದಲ್ಲಿರುವ ಸಂಗ್ ವೂ ಕಿಮ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ತೋರಿಸಿದಂತೆ, 69ನೇ ದಿನದವರೆಗೆ ಒಂದೊಂದು ಮರಿಯ ಮೈಗೆ ದಿನಕ್ಕೆ ಸೇರುವ ಪ್ರೋಟೀನ್ ಕಾಲು ಗ್ರಾಂ. ಆಮೇಲೆ ಅದು ನಾಲ್ಕೂವರೆ ಗ್ರಾಂ ದಾಟುತ್ತದೆ. ಹೊಟ್ಟೆಯಲ್ಲಿ ಹತ್ತು ಹನ್ನೆರಡು ಮರಿಗಳಿದ್ದಾಗ ತಾಯಿಗೆ ಬರೀ ಜೋಳದ ಹಿಟ್ಟು ಸಾಲದು, ಸೋಯಾ ಹಿಂಡಿಯಂಥ ಪ್ರೋಟೀನ್ ಬೇಕು.

ಅತ್ತ ನಮ್ಮ ಬೆಂಗಳೂರಿನ ಕಡೆ ಹೋಟೆಲ್ ಮುಸುರೆ ನಂಬಿ ಹಂದಿ ಸಾಕುವವರು ಬಹಳ. ಒಂದು ದಿನ ಬರೀ ಅನ್ನ, ಮರುದಿನ ಸಾರು ನೀರು. ಗಬ್ಬದ ಹಂದಿಗೂ ಅದೇ ಪಾಲು. ಅವರಲ್ಲಿ ನನ್ನದೊಂದು ವಿನಂತಿ. ಗಬ್ಬದ ಹಂದಿಯನ್ನು ಬೇರೆ ಕಟ್ಟಿ, ಕೊನೆಯ ಒಂದೂವರೆ ತಿಂಗಳು ಅದರ ಬಾನಿಗೆ ಹಿಂಡಿ, ಖನಿಜ ಮಿಶ್ರಣ ಸೇರಿಸಿ. ಹುಟ್ಟಿದ ದಿನವೇ ಪ್ರತಿ ಮರಿಯನ್ನೂ ತೂಗಿ, ತೂಕ ಬರೆದಿಡಿ.