ಹೆಸರು, ಸಂಖ್ಯೆ, ನಿಷೇಧ: ಆನ್‌ಲೈನ್ ಆಟದ ಮೂಲಕ ಒಂದು ನ್ಯಾಯದ ಪಾಠ

ನಿಯಮ, ನ್ಯಾಯ, ಶಿಕ್ಷೆ ಎಂಬ ಪರಿಕಲ್ಪನೆಗಳನ್ನು ಬೋಧಿಸುವಾಗ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆಗಳು ಎರಡೇ: ಸಂಚಾರ ಸಿಗ್ನಲ್ ಮತ್ತು ನ್ಯಾಯಾಲಯ. ಒಂಬತ್ತನೇ ತರಗತಿಯ ಮಕ್ಕಳು ಗಾಡಿ ಓಡಿಸುವುದಿಲ್ಲ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿಲ್ಲ. ಆದರೆ ‘ಐಡಿ ಬ್ಯಾನ್ ಆಯ್ತು’ ಎಂಬ ಮಾತು ಅವರ ಬಾಯಲ್ಲಿ ದಿನವೂ ಇದೆ. ಮುಖ ನೋಡದವರೆಲ್ಲ ಸೇರಿ ಆಡುವ ಆಟದಲ್ಲಿ ತಪ್ಪು ಮಾಡಿದವರನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮೇಲ್ವಿಚಾರಕರು ಏನು ಮಾಡಬೇಕು ಎಂಬುದನ್ನೇ ತಲಾ 40 ನಿಮಿಷಗಳ ಎರಡು ಅವಧಿಗಳ ಪಾಠವಾಗಿ ಯೋಜಿಸಿಕೊಂಡೆ. ಬೋಧನೋಪಕರಣವಾಗಿ ಬಳಸಿದ್ದು ಒಂದು ಡ್ರಾಯಿಂಗ್ ಶೀಟ್, ಒಂದಿಷ್ಟು ಚೀಟಿಗಳು. ಕಂಪ್ಯೂಟರ್ ಬೇಕಾಗಲಿಲ್ಲ.

ಉದಾಹರಣೆಗೆ ಮೈನ್‌ಕ್ರಾಫ್ಟ್ ಆಟವನ್ನು ಆರಿಸಿಕೊಂಡೆ. ತರಗತಿಯಲ್ಲಿ ಅದು ಗೊತ್ತಿದ್ದವರು ನಾಲ್ಕೈದು ಮಂದಿ ಮಾತ್ರ. ಉಳಿದವರು ಆಡುವುದು ಗುಂಡು ಹಾರಿಸುವ ಮೊಬೈಲ್ ಆಟಗಳನ್ನು. ಆದರೆ ಆ ಆಟಗಳಲ್ಲಿ ನಿಷೇಧ ಹೇರುವುದು ಕಂಪನಿ, ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವುದಿಲ್ಲ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. ಅದರ ನಿಷೇಧ ಪಟ್ಟಿ ಒಂದು ಸರಳ ಪಠ್ಯ ಕಡತ, ತೆರೆದು ಓದಬಹುದು. ಪಾಠಕ್ಕೆ ಇಷ್ಟು ಪಾರದರ್ಶಕವಾದ ಉದಾಹರಣೆ ಬೇರೆ ಸಿಗಲಿಲ್ಲ.

ಮೊದಲು ಒಂದು ಕಲ್ಪಿತ ಪ್ರಸಂಗ ಹೇಳಿದೆ. ‘ಕಲ್ಲುಕುಟಿಗ’ ಎಂಬ ಆಟಗಾರ ಮತ್ತೊಬ್ಬರು ವಾರಗಟ್ಟಲೆ ಕಟ್ಟಿದ ಮನೆಯನ್ನು ರಾತ್ರೋರಾತ್ರಿ ಕೆಡವಿದ. ಮೇಲ್ವಿಚಾರಕರು ಆ ಹೆಸರನ್ನು ನಿಷೇಧಿಸಿದರು. ಅವನು ‘ಬೆಳ್ಳಿಗೂಬೆ’ ಎಂದು ಹೆಸರು ಬದಲಿಸಿಕೊಂಡು ಬಂದ. ಕೆಲವು ವಾರಗಳ ಬಳಿಕ ಏನೂ ಅರಿಯದ ಇನ್ನೊಬ್ಬ, ಖಾಲಿಯಾದ ‘ಕಲ್ಲುಕುಟಿಗ’ ಹೆಸರನ್ನು ಪಡೆದ. ಈಗ ಬಾಗಿಲಲ್ಲಿ ತಡೆಯಲ್ಪಡುವವರು ಯಾರು? (ನಿಜವಾದ ಆಟದಲ್ಲಿ ಹೀಗೆ ಕನ್ನಡದಲ್ಲಿ ಹೆಸರಿಡಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ, 3ರಿಂದ 16ರವರೆಗೆ. ಮಕ್ಕಳಿಗೆ ಇದು ಬೇಸರ ತಂದಿತು, ನನಗೂ.)

ಈ ತೊಡಕು ಬರಬಹುದೆಂದು ಆಟ ರೂಪಿಸಿದವರು ಮೊದಲೇ ಯೋಚಿಸಿದ್ದರು. 2014ರವರೆಗೆ ಸರ್ವರ್‌ಗಳ ನಿಷೇಧ ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತಿತ್ತು. ಆಗ ಹೆಸರು ಬದಲಿಸಲು ಬರುತ್ತಿರಲಿಲ್ಲವಾದ್ದರಿಂದ ಅಷ್ಟು ಸಾಕಿತ್ತು. 2015ರ ಫೆಬ್ರವರಿಯಲ್ಲಿ ಹೆಸರು ಬದಲಾವಣೆಗೆ ಅವಕಾಶ ಕೊಡುವ ಮೊದಲೇ ಪಟ್ಟಿಗಳನ್ನು ಸಂಖ್ಯೆಗೆ ವರ್ಗಾಯಿಸಲಾಯಿತು. ಪ್ರತಿ ಖಾತೆಗೂ 32 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಇದೆ, ಅದು ಬದಲಾಗುವುದಿಲ್ಲ. ಹೆಸರನ್ನು 30 ದಿನಕ್ಕೊಮ್ಮೆ ಬದಲಿಸಬಹುದು. ಆದರೆ ನಿಷೇಧ ಅಂಟಿಕೊಳ್ಳುವುದು ಸಂಖ್ಯೆಗೆ.

ಇಲ್ಲಿ ಪೂರ್ವಜ್ಞಾನಕ್ಕೆ ಜೋಡಿಸುವುದು ಸುಲಭವಾಯಿತು. ಮನೆಯಲ್ಲಿ ಮಂಜ, ಹಾಜರಿ ಪುಸ್ತಕದಲ್ಲಿ ಮಂಜುನಾಥ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯ ಕಾಗುಣಿತ. ಶಾಲೆ ಬದಲಿಸಿದರೂ ಸ್ಯಾಟ್ಸ್ ಸಂಖ್ಯೆ ಮಾತ್ರ ಅದೇ. ‘ಹಂಗಾದ್ರೆ ಆಟದಲ್ಲೂ ಸ್ಯಾಟ್ಸ್ ನಂಬರ್ ಇದೆ ಅನ್ನಿ’ ಎಂದ ಹಿಂದಿನ ಬೆಂಚಿನ ಹುಡುಗ ನನ್ನ ಅರ್ಧ ಪಾಠವನ್ನು ಒಂದು ವಾಕ್ಯದಲ್ಲಿ ಮುಗಿಸಿದ. ಹೋಲಿಕೆಗೊಂದು ಮಿತಿಯಿದೆ, ಅದನ್ನೂ ಹೇಳಿದೆ: ಆಟದ ಸಂಖ್ಯೆ ಮನುಷ್ಯನದಲ್ಲ, ಖಾತೆಯದು. ಹೊಸ ಖಾತೆ ಕೊಂಡವನು ಹೊಸ ಸಂಖ್ಯೆಯೊಂದಿಗೆ ಬರಬಲ್ಲ. ಇನ್ನು ಖಾತೆಯನ್ನು ಪರೀಕ್ಷಿಸದೆ ಒಳಬಿಡುವಂತೆ ಸರ್ವರನ್ನು ಹೊಂದಿಸಿದರೆ ಸಂಖ್ಯೆ ಹುಟ್ಟುವುದೇ ಹೆಸರಿನಿಂದ. ಮೇಲ್ವಿಚಾರಕರ ಹೆಸರನ್ನು ಟೈಪ್ ಮಾಡಿದವನಿಗೆ ಮೇಲ್ವಿಚಾರಕರ ಅಧಿಕಾರವೇ ಸಿಕ್ಕಿಬಿಡಬಹುದು.

ಅಂತರ್ಜಾಲ ವಿಳಾಸವನ್ನೇ ನಿಷೇಧಿಸುವ ಆಜ್ಞೆಯೂ ಇದೆ ಎಂದಾಗ ಒಬ್ಬಳು, ‘ಅಣ್ಣ ಮಾಡಿದ್ದಕ್ಕೆ ನನ್ನನ್ನೂ ತಡೀತಾರಾ ಮಿಸ್?’ ಎಂದು ಕೇಳಿದಳು. ಹೌದು. ಮನೆಯ ಒಂದು ರೂಟರ್ ಬಳಸುವ ಎಲ್ಲರಿಗೂ ಸಾಮಾನ್ಯವಾಗಿ ಹೊರಗೆ ಕಾಣುವ ವಿಳಾಸ ಒಂದೇ, ಮೊಬೈಲ್ ಜಾಲಗಳಲ್ಲಿ ಅಪರಿಚಿತರೂ ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಯಾರು ಮಾತಾಡಿದ್ದೆಂದು ತಿಳಿಯದೆ ಇಡೀ ಬೆಂಚನ್ನೇ ಎದ್ದು ನಿಲ್ಲಿಸುವ ಪದ್ಧತಿ ನೆನಪಾಗಿ ಮಕ್ಕಳು ನಕ್ಕರು. ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಸಹಪಾಠಿಗಳು ಅಷ್ಟಾಗಿ ನಗಲಿಲ್ಲ.

ಮೊದಲ ಅವಧಿಯ ಕೊನೆಗೆ ಕೇಳಿದೆ: ಎಲ್ಲರೂ ನಿಜ ಹೆಸರಿನಲ್ಲೇ ಆಡಬೇಕೆಂದು ನಿಯಮ ಮಾಡಿದರೆ ಹೇಗೆ? ಹೆಚ್ಚಿನ ಕೈಗಳು ಮೇಲೆದ್ದವು. ಹೆಸರು ಗೊತ್ತಿದ್ದರೆ ಯಾರೂ ಬೈಯುವುದಿಲ್ಲ ಎಂಬುದು ಅವರ ವಾದ. ಕೈ ಎತ್ತಿದವರನ್ನು ಎಣಿಸಿ ಮುಗಿಸದೆ, ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಲು ಹೇಳಿದೆ. ಮಾರ್ಗದರ್ಶಕ ಶಿಕ್ಷಕರು ಚೀಟಿಗೆ ಕ್ರಮಸಂಖ್ಯೆ ಬೇಕು, ಇಲ್ಲದಿದ್ದರೆ ಮೌಲ್ಯಮಾಪನ ಹೇಗೆ ಎಂದು ಯೋಜನೆ ನೋಡುವಾಗಲೇ ಕೇಳಿದ್ದರು. ಗುಂಪು ಚಟುವಟಿಕೆಯ ಹಾಳೆಗೆ ಸಂಖ್ಯೆ ಇರಲಿ, ಅಭಿಪ್ರಾಯದ ಚೀಟಿಗೆ ಬೇಡ ಎಂದು ಒಪ್ಪಿಸಿಕೊಂಡಿದ್ದೆ.

ಒಂದು ಚೀಟಿಯಲ್ಲಿ ಹೀಗಿತ್ತು: ತಾನು ಹುಡುಗನ ಹೆಸರಿಟ್ಟುಕೊಂಡು ಆಡುತ್ತೇನೆ, ಮೈಕ್ ಆನ್ ಮಾಡುವುದೇ ಇಲ್ಲ, ಹುಡುಗಿ ಎಂದು ಗೊತ್ತಾದ ದಿನ ಏನೇನೋ ಮಾತಾಡಿದರು, ನಿಜ ಹೆಸರು ಹಾಕಬೇಕಾದರೆ ಆಟ ಬಿಡುತ್ತೇನೆ. ಇದನ್ನು ತರಗತಿಯಲ್ಲಿ ಓದಲಿಲ್ಲ. ಸಣ್ಣ ತರಗತಿಯಲ್ಲಿ ಆಡುವ ಹುಡುಗಿಯರು ಯಾರೆಂದು ಎಲ್ಲರಿಗೂ ಗೊತ್ತು. ಚೀಟಿಯ ಎರಡು ಸಾಲು ಕೇಳಿದರೆ ತಲೆಗಳು ಒಂದೇ ಕಡೆ ತಿರುಗುತ್ತಿದ್ದವು. ಇಂಥ ಚೀಟಿ ಬಂದಾಗ ಅದರ ಸಾರವನ್ನು ಬೇರೆ ಪ್ರಸಂಗದ ಮೂಲಕ ಹೇಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಬರೆದವಳಿಗಾಗಿ, ಯಾರಿಗಾದರೂ ಆಟದಲ್ಲಿ ತೊಂದರೆಯಾಗಿದ್ದರೆ ತರಗತಿಯ ಹೊರಗೆ ನನ್ನೊಡನೆ ಅಥವಾ ತರಗತಿ ಶಿಕ್ಷಕಿಯೊಡನೆ ಮಾತಾಡಬಹುದು ಎಂದು ಎಲ್ಲರಿಗೂ ಹೇಳಿದೆ.

ಎರಡನೇ ಅವಧಿಯಲ್ಲಿ ಆ ಪ್ರಸಂಗವಾಗಿ ತಂದದ್ದು ಅಮೆರಿಕದ ಬ್ಲಿಜಾರ್ಡ್ ಕಂಪನಿಯದು. 2010ರ ಜುಲೈ 6ರಂದು ಅದು ತನ್ನ ಆಟಗಳ ಅಧಿಕೃತ ಚರ್ಚಾ ವೇದಿಕೆಯಲ್ಲಿ ಬರೆಯುವವರ ನಿಜ ಹೆಸರು ಎಲ್ಲರಿಗೂ ಕಾಣಲಿದೆ ಎಂದು ಘೋಷಿಸಿತು. ಉದ್ದೇಶ ನಮ್ಮ ಮಕ್ಕಳದೇ: ಬೈಗುಳ ಕಡಿಮೆಯಾಗಲಿ. ಇದರಲ್ಲಿ ಅಪಾಯವಿಲ್ಲವೆಂದು ತೋರಿಸಲು ಸಿಬ್ಬಂದಿಯೊಬ್ಬರು ತಮ್ಮ ಹೆಸರನ್ನು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಜನ ಅದರ ಜಾಡು ಹಿಡಿದು ಅವರ ಖಾಸಗಿ ವಿವರಗಳನ್ನು ಹೊರಹಾಕಿದರು. ಜುಲೈ 9ರಂದು ಕಂಪನಿಯ ಮುಖ್ಯಸ್ಥ ಮೈಕ್ ಮೊರ್‌ಹೈಮ್ ಯೋಜನೆಯನ್ನು ಹಿಂತೆಗೆದುಕೊಂಡರು. ದಕ್ಷಿಣ ಕೊರಿಯಾದಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ನಿಜ ಗುರುತನ್ನು ದೃಢಪಡಿಸಬೇಕೆಂದು 2007ರಿಂದ ಇದ್ದ ಕಾನೂನನ್ನು 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದುಪಡಿಸಿತು ಎಂಬುದನ್ನೂ ಸೇರಿಸಿದೆ. ಮೇಲ್ವಿಚಾರಕರಿಗೆ ಬೇಕಾದದ್ದು ಹೆಸರೋ, ಇವನು ನಿನ್ನೆಯವನೇ ಎಂದು ತಿಳಿಯುವ ಗುರುತೋ ಎಂದು ಕೇಳಿದಾಗ, ಮೊದಲ ದಿನ ಕೈ ಎತ್ತಿದವರಲ್ಲೇ ಹಲವರು ‘ಗುರುತು ಸಾಕು’ ಎಂದರು. ಎಲ್ಲರೂ ಒಪ್ಪಲಿಲ್ಲ, ಒಪ್ಪಿಸುವ ಕೆಲಸವನ್ನು ನಾನೂ ಮಾಡಲಿಲ್ಲ.

ಉಳಿದ ಸಮಯ ಡ್ರಾಯಿಂಗ್ ಶೀಟಿನ ಚಟುವಟಿಕೆಗೆ ಹೋಯಿತು. ಮೈನ್‌ಕ್ರಾಫ್ಟಿನ ನಿಷೇಧ ಪಟ್ಟಿಯ ಪ್ರತಿ ನಮೂದಿನಲ್ಲೂ ಆರು ಅಂಶಗಳಿವೆ: ಸಂಖ್ಯೆ, ಹೆಸರು, ನಿಷೇಧಿಸಿದ ಸಮಯ, ನಿಷೇಧಿಸಿದವರು, ಮುಗಿಯುವ ಸಮಯ, ಕಾರಣ. ಈ ಆರು ಅಂಕಣಗಳಲ್ಲಿ ಕಲ್ಲುಕುಟಿಗನ ಪ್ರಕರಣವನ್ನು ಗುಂಪುಗಳು ತುಂಬಬೇಕಿತ್ತು. ಒಂದು ಗುಂಪು ‘7 ದಿನ’ ಎಂದು ಬರೆಯಿತು, ಪಕ್ಕದ ಗುಂಪು ‘ಯಾವಾಗಲೂ’. ಕಾರಣದ ಅಂಕಣದಲ್ಲಿ ‘ತಪ್ಪು ಮಾಡಿದ’ ಎಂದಷ್ಟೇ ಬರೆದವರಿಗೆ ಆಟದ ಸಿದ್ಧ ವಾಕ್ಯವನ್ನು ತಿಳಿಸಿದೆ. ಕಾರಣ ಕೊಡದಿದ್ದರೆ ಆಟ ತಾನಾಗಿ ಹಾಕುವುದು ‘ನಿರ್ವಾಹಕರಿಂದ ನಿಷೇಧಿತ’ ಎಂಬ ಅರ್ಥದ ಮಾತು. ಯಾರು ಎಂಬುದಕ್ಕೆ ಉತ್ತರವಿದೆ, ಏಕೆ ಎಂಬುದಕ್ಕಿಲ್ಲ. ಅವರು ಅಳಿಸಿ ಮತ್ತೆ ಬರೆದರು.

ನಿಷೇಧ ತೆಗೆಯುವ ಆಜ್ಞೆಯ ಹೆಸರು ‘ಪಾರ್ಡನ್’, ಅಂದರೆ ಕ್ಷಮೆ. ಇದಕ್ಕೆ ಒಬ್ಬ ಹುಡುಗ ತಕರಾರು ತೆಗೆದ: ‘ಗೊತ್ತಿಲ್ದೆ ಹಳೇ ಹೆಸರು ತಗೊಂಡೋನು ಏನೂ ಮಾಡೇ ಇಲ್ಲ. ಅವನಿಗೆ ಕ್ಷಮೆ ಯಾಕೆ ಮಿಸ್?’ ಆ ಆಜ್ಞೆ ಕೊಟ್ಟೊಡನೆ ನಮೂದೇ ಪಟ್ಟಿಯಿಂದ ಅಳಿದುಹೋಗುತ್ತದೆ. ಕ್ಷಮಿಸಿದ್ದೋ ತಿದ್ದಿದ್ದೋ ಎಂದು ಪಟ್ಟಿಯಲ್ಲಿ ಉಳಿಯುವುದಿಲ್ಲ. ಏಳನೇ ಅಂಕಣವೊಂದು ಬೇಕೆಂದು ಅವನ ಗುಂಪು ಹಟ ಹಿಡಿಯಿತು. ಅದಕ್ಕೆ ಏನೆಂದು ತಲೆಬರಹ ಕೊಡಬೇಕೆಂಬ ಚರ್ಚೆ ನಡೆಯುತ್ತಿರುವಾಗಲೇ ಗಂಟೆ ಹೊಡೆಯಿತು. ಏಳನೇ ಅಂಕಣದ ಗೆರೆಗಳನ್ನಷ್ಟೇ ಎಳೆದ ಆ ಶೀಟ್ ಈಗ ಕಾಲೇಜಿನ ಬೋಧನೋಪಕರಣಗಳ ಕಪಾಟಿನಲ್ಲಿದೆ. ಬಳಸುವವರು ತಲೆಬರಹವನ್ನು ತಮ್ಮ ತರಗತಿಯ ಮಕ್ಕಳಿಂದಲೇ ಬರೆಸಬಹುದು.